ಸಮಾಧಾನನ ಹೋದ ಜನ್ಮದ ಕುದುರೆ

ಚಿಕ್ಕೋಡಿಯ ಸಮಾಧಾನನಿಗೆ ಇದ್ದ ಚಟ ಒಂದೇ. ಬೀಡಿಯಲ್ಲ, ಇಸ್ಪೀಟಲ್ಲ. ಯಾರಾದರೂ ಒಂದು ಪ್ರಶ್ನೆ ಕೇಳಿ, ಅದು ಉತ್ತರವಿಲ್ಲದೆ ನಿಂತುಬಿಟ್ಟರೆ ಅವನಿಂದ ನೋಡಲಾಗುತ್ತಿರಲಿಲ್ಲ. ಗೊತ್ತಿದ್ದರೆ ಚುಟುಕಾಗಿ ಹೇಳುತ್ತಿದ್ದ, ಗೊತ್ತಿಲ್ಲದಿದ್ದರೆ ವಿವರವಾಗಿ ಹೇಳುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕೇಳಿಕೊಂಡು ರಾಯಬಾಗಕ್ಕೆ ಹೊರಟವರು ಅಥಣಿಯಲ್ಲಿ ಇಳಿದಿದ್ದಾರೆ, ಕಾಗವಾಡದಲ್ಲಿ ಇಳಿದಿದ್ದಾರೆ. ಒಬ್ಬ ಮುದುಕಿಯಂತೂ ನಿಪ್ಪಾಣಿಯಲ್ಲಿ ಇಳಿದು, ಅಲ್ಲಿ ಮರೆತೇಹೋಗಿದ್ದ ಬಳಗ ಸಿಕ್ಕು, ಮೊಮ್ಮಗಳಿಗೆ ವರ ಗೊತ್ತುಮಾಡಿಕೊಂಡು ಬಂದಳು. ಈ ಒಂದು ಪ್ರಸಂಗವನ್ನು ಸಮಾಧಾನ ತನ್ನ ಪರವಾಗಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಅಲ್ರಿ, 'ಗೊತ್ತಿಲ್ಲ' ಅಂದ್ರ ನಿಮ್ಮ ನಾಲಿಗಿ ಏನ ಸವೀತೈತೇನು?" ಎಂದು ಹೆಂಡತಿ ಕಾಂಚನ ಕೇಳುತ್ತಿದ್ದಳು. ಅವಳು ಅಂಗನವಾಡಿ ಶಿಕ್ಷಕಿ. ನಾಲ್ಕು ವರ್ಷದ ಮಕ್ಕಳಿಗೂ ಗೊತ್ತಿಲ್ಲವೆಂದು ಹೇಳುವುದನ್ನು ಕಲಿಸಿದ್ದಳು, ಗಂಡನೊಬ್ಬನಿಗೆ ಕಲಿಸಲಾಗಿರಲಿಲ್ಲ.

ಸಮಾಧಾನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ರವಿವಾರ ಮಾತ್ರ ಅವನು ದೊಡ್ಡ ಮನುಷ್ಯ, ಏಕೆಂದರೆ ಅಂದು ಥಿಯಾಸಫಿಕಲ್ ಸೊಸೈಟಿಯ ಹಾಲ್‌ನಲ್ಲಿ ಸಭೆ. ಹೆಂಚಿನ ಮಾಡಿನ ಆ ಹಳೆಯ ಹಾಲ್‌ಗೆ ಊರವರು ಇಟ್ಟ ಹೆಸರು 'ದೇವರಿಲ್ಲದ ಗುಡಿ'. ಒಳಗೆ ಮೂರ್ತಿಯಿಲ್ಲ, ಗಂಟೆಯಿಲ್ಲ, ಪ್ರಸಾದವಂತೂ ಇಲ್ಲವೇ ಇಲ್ಲ. ಗೋಡೆಯ ಮೇಲೆ ಸೊಸೈಟಿ ಕಟ್ಟಿದವರ ಫೋಟೋ: ದೊಡ್ಡ ಕಣ್ಣಿನ ಒಬ್ಬ ಪರದೇಶದ ಬಾಯಿ, ಉದ್ದ ಗಡ್ಡದ ಒಬ್ಬ ಸಾಹೇಬ. ಅವರ ನಡುವೆ ದೊಡ್ಡ ಅಕ್ಷರದಲ್ಲಿ 'ಸತ್ಯಕ್ಕಿಂತ ಮಿಗಿಲಾದ ಧರ್ಮವಿಲ್ಲ' ಎಂಬ ಬರಹ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಜಾತಿ, ಮತ, ಬಣ್ಣ, ಹೆಣ್ಣು, ಗಂಡು ಎಂಬ ಭೇದವಿಲ್ಲದೆ ಮನುಷ್ಯರೆಲ್ಲ ಒಂದೇ ಬಳಗವೆಂಬ ಮಾತು. ಬಾಗಿಲ ಮೇಲೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನ ಚಿತ್ರವಿತ್ತು. ನಾಗರ ಪಂಚಮಿ ಬಂದರೆ ಓಣಿಯ ಹೆಂಗಸರು ಅದಕ್ಕೂ ಒಂದಿಷ್ಟು ಹಾಲು ಎರಚಿ ಹೋಗುತ್ತಿದ್ದರು. ಕಾರ್ಯದರ್ಶಿ ಇಮಾಮಸಾಹೇಬ ಮಾಸ್ತರರು ಬೇಡವೆನ್ನುತ್ತಿರಲಿಲ್ಲ. ಎಲ್ಲ ಧರ್ಮವೂ ಒಂದೇ ಎಂದ ಮೇಲೆ ಹಾಲು ಎರೆದವರನ್ನು ಯಾವ ಬಾಯಿಂದ ಬೈಯುವುದು?

ಮಾಸ್ತರರು ನಿವೃತ್ತ ಶಿಕ್ಷಕರು, ಪ್ರತಿ ರವಿವಾರ ಕುಡಚಿಯಿಂದ ಬಸ್ಸಿನಲ್ಲಿ ಬಂದು ತಾವೇ ಕಸ ಗುಡಿಸಿ ಸಭೆ ನಡೆಸುವವರು. ಸಭೆ ಶುರುವಾಗುವುದು ಎಲ್ಲ ಧರ್ಮಗಳ ಪ್ರಾರ್ಥನೆಯಿಂದ. ಒಬ್ಬೊಬ್ಬರು ಒಂದೊಂದು ಧರ್ಮದ್ದನ್ನು ಹೇಳಬೇಕು. ಬೌದ್ಧರ ಪಂಚಶೀಲ ಹೇಳುವ ಹೊಣೆ ಸಮಾಧಾನನದು. ಅವನೊಬ್ಬನೇ ಬೌದ್ಧ, ಹಾಗಾಗಿ ಅವನು ಬಾರದಿದ್ದರೆ ಪ್ರಪಂಚದ ಒಂದು ಧರ್ಮವೇ ಗೈರುಹಾಜರು. ಕಚೇರಿಯಲ್ಲಿ ಯಾರಿಗೂ ಬೇಡವಾದ ಮನುಷ್ಯನಿಗೆ ಇದು ಸಣ್ಣ ಹೆಮ್ಮೆಯಲ್ಲ. ಆ ಹಾಲ್ ಮೇಲೆ ಅವನಿಗೆ ಪ್ರಾಣ.

ಇಂಥ ಹಾಲ್‌ಗೆ ಒಂದು ರವಿವಾರ ರಾವಸಾಹೇಬ ಸಾವಕಾರರು ಮಗ ದುಂಡೇಶನನ್ನೂ ಅಳತೆಯ ಟೇಪನ್ನೂ ಕರೆದುಕೊಂಡು ಬಂದರು. ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ದೊಡ್ಡ ಮನೆತನ. ಹಾಲ್ ನಿಂತ ಜಾಗ ಅವರ ತಂದೆ ಭಾವುಸಾಹೇಬರದು.

"ದೀಪಾವಳಿ ಆದ ಮ್ಯಾಲೆ ಹಾಲ್ ಖಾಲಿ ಮಾಡ್ರಿ, ಮಾಸ್ತರ. ಇಲ್ಲೆ ಗಾಳಾ ಕಟ್ಟಸ್ತೀವಿ, ಅಂಗಡಿ ಬಾಡಿಗಿ ಕೊಡಾಕ," ಎಂದರು ಸಾವಕಾರರು.

"ಸಾವಕಾರ್ರ, ನಿಮ್ಮ ತಂದಿಯವರು ಈ ಜಾಗಾ ಸೊಸೈಟಿಗೆ ದಾನ ಕೊಟ್ಟಾರ್ರಿ."

"ಕಾಗದ ಎಲ್ಲೈತಿ?"

"ಬಾಯಿ ಮಾತಿನ್ಯಾಗ ಕೊಟ್ಟಿದ್ರು."

"ಹಂಗಾರ ಅವರ ಬಾಯಿಂದನ ಹೇಳಸ್ರಿ, ಬಿಡ್ತೀನಿ," ಎಂದು ಸಾವಕಾರರು ನಕ್ಕರು. ಭಾವುಸಾಹೇಬರು ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ಮಾಸ್ತರರು ನಗಲಿಲ್ಲ.

ಅಂದು ಉಪನ್ಯಾಸಕ್ಕೆ ಕೊಲ್ಹಾಪುರದಿಂದ ಸ್ನೇಹಲಬಾಯಿ ಎಂಬ ವಿದುಷಿ ಬಂದಿದ್ದರು. ವಿಷಯ ಪುನರ್ಜನ್ಮ. ದುಂಡೇಶ ಹೊರಗೆ ಗೋಡೆ ಅಳೆಯುತ್ತಿದ್ದ, ಸಾವಕಾರರು ನೆರಳಿಗೆಂದು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ಒಳಗೆ ಕುಳಿತರು. "ಆತ್ಮ ಅಂದ್ರ ಸಾಲಿ ಹುಡುಗ ಇದ್ದಂಗ," ಎಂದರು ಸ್ನೇಹಲಬಾಯಿ. "ಒಂದೊಂದ ಜನ್ಮ ಒಂದೊಂದ ಇಯತ್ತಾ, ಒಂದೊಂದ ಕ್ಲಾಸು. ಕಲೀಲಿಲ್ಲಂದ್ರ ನಾಪಾಸು, ಮತ್ತ ಅದ ಪಾಠಾ ಕಲಿಯಾಕ ಬರಬೇಕು." ಆಮೇಲೆ ಸಭೆಯ ಮೇಲೆಲ್ಲ ಕಣ್ಣಾಡಿಸಿ, "ಇಲ್ಲೆ ಯಾರಿಗರೆ ಹೋದ ಜನ್ಮದ್ದು ಒಂದ ಸಣ್ಣ ನೆನಪರೆ ಐತೇನು?" ಎಂದು ಕೇಳಿಬಿಟ್ಟರು.

ಫ್ಯಾನು ತಿರುಗಿತು. ಪರ ಊರಿನಿಂದ ಬಂದ ಹೆಣ್ಣುಮಗಳ ಪ್ರಶ್ನೆ ಅನಾಥವಾಗಿ ನಿಂತಿತು. ಸಮಾಧಾನ ತುಟಿ ಕಚ್ಚಿಕೊಂಡ, ನೆಲ ನೋಡಿದ, ಕೆಮ್ಮಿದ. ಕೊನೆಗೆ ನೋಡುತ್ತಾನೆ, ತನ್ನ ಬಲಗೈ ಮೇಲೆ ಎದ್ದಿದೆ.

"ನನಗೈತ್ರಿ," ಎಂದ.

ಹೇಳಿದ ಮೇಲೆ ಏನಾದರೂ ನೆನಪಾಗಲೇಬೇಕಲ್ಲ. ಕಣ್ಣು ಮುಚ್ಚಿದ. ಎಲ್ಲಿಂದಲೋ ಒಂದು ಬಿಳಿ ಕುದುರೆ ಬಂತು. ಅದು ತೀರ ಸಣ್ಣವನಿದ್ದಾಗಿನಿಂದ ಅವನ ತಲೆಯೊಳಗಿದ್ದ ಕುದುರೆ, ಎಲ್ಲಿಂದ ಬಂದದ್ದೆಂದು ಅವನು ಯೋಚಿಸಿದವನಲ್ಲ. "ಬಿಳಿ ಕುದುರಿ ಒಂದ ಕಾಣತೈತ್ರಿ. ಒಂದ ಕಣ್ಣ ಕರೇದು, ಒಂದ ನೀಲೀದು. ನನ್ನನ್ನ ದಿಟ್ಟಿಸಿ ನೋಡಾಕತ್ತೈತಿ. ಹಳ್ಳದಾಗ ಮೊಣಕಾಲ ಮಟ ನೀರು. ಬೆಲ್ಲಾ ತೋರ್ಸಿದ್ರ ಅಷ್ಟ ಹಳ್ಳಾ ದಾಟತೈತಿ, ಇಲ್ಲಂದ್ರ ಒಂದ ಹೆಜ್ಜಿ ಇಡಂಗಿಲ್ಲ."

ಸಾವಕಾರರ ಕೈಯಿಂದ ಟೇಪು ಬಿಟ್ಟುಹೋಗಿ ಸರ್ರೆಂದು ಹೊರಗಿದ್ದ ಮಗನ ಕೈ ಸೇರಿತು.

"ಚಾಂದಣಿ!" ಎಂದು ಕೂಗಿದರು. "ನಮ್ಮಪ್ಪನ ಕುದುರಿ! ಲೇ ತಮ್ಮಾ, ನೀ ಹುಟ್ಟಿದ್ದು ಯಾವಾಗ?"

ಸಮಾಧಾನ ವರ್ಷ, ತಿಂಗಳು ಹೇಳಿದ. ಭಾವುಸಾಹೇಬರು ಹೋದದ್ದು ಅದೇ ವರ್ಷ, ಅದರ ಹಿಂದಿನ ತಿಂಗಳು. ಸಭೆಯಲ್ಲಿ ಗುಜುಗುಜು ಎದ್ದಿತು. ಮಾಸ್ತರರು ಪ್ರಾಮಾಣಿಕ ಮನುಷ್ಯರು, ಎದ್ದು ನಿಂತು, "ನಮ್ಮ ಗ್ರಂಥದ ಪ್ರಕಾರ ಎರಡ ಜನ್ಮದ ನಡಕ ಆತ್ಮ ನೂರಾರ ವರ್ಷ ವಿಶ್ರಾಂತಿ ತೊಗೋತೈತ್ರಿ," ಎಂದು ತಿದ್ದಿದರು.

"ನಮ್ಮಪ್ಪ ಒಂದ ಕಡೆ ಸುಮ್ಮ ಕುಂಡ್ರೂ ಮನಷ್ಯಾನ ಅಲ್ರಿ," ಎಂದು ಸಾವಕಾರರು ಗ್ರಂಥವನ್ನು ತಳ್ಳಿಹಾಕಿದರು. ಕಣ್ಣಲ್ಲಿ ನೀರು ತುಂಬಿಕೊಂಡು ಸಮಾಧಾನನ ಪಾದದತ್ತ ಬಾಗಿದರು. ಬಾಗುತ್ತಲೇ, "ಮನಿ ಎಲ್ಲಿ ಬರತೈತಿ?" ಎಂದರು.

"ಭೀಮನಗರದಾಗ್ರಿ."

ಸಾವಕಾರರು ಅರ್ಧಕ್ಕೆ ನಿಂತರು. ಒಂದು ಕಡೆ ತಂದೆ, ಇನ್ನೊಂದು ಕಡೆ ಭೀಮನಗರ. ದುಂಡೇಶ ಬಾಗಿಲಲ್ಲಿ ನಿಂತು ಬೇಡವೆಂದು ಕಣ್ಸನ್ನೆ ಮಾಡಿದ. ಎದುರಿನ ಗೋಡೆಯ ಮೇಲೆ ಜಾತಿಭೇದವಿಲ್ಲದ ಬಳಗದ ಮಾತು ಕಣ್ಣಿಗೆ ಬಿತ್ತು. ಕೊನೆಗೆ ಈ ಪ್ರಶ್ನೆಯನ್ನು ಬಗೆಹರಿಸಿದ್ದು ಧರ್ಮವೂ ಅಲ್ಲ, ಸಮಾಜ ಸುಧಾರಣೆಯೂ ಅಲ್ಲ, ಸಾವಕಾರರ ಸೊಂಟ. ಅರ್ಧ ಬಾಗಿದ ಮೇಲೆ ಏಳುವುದಕ್ಕಿಂತ ಪೂರ್ತಿ ಬಾಗುವುದೇ ಸುಲಭವೆಂದು ಅದು ತೀರ್ಪು ಕೊಟ್ಟಿತು. ಸಾವಕಾರರು ಕಾಲು ಮುಟ್ಟಿದರು.

ಹಾಲ್‌ನ ಎದುರಿಗೇ ಉತ್ತಮನ ಚಹಾದ ಅಂಗಡಿ. ಸುದ್ದಿಯನ್ನು ಆರಲು ಬಿಡುವವನಲ್ಲ ಅವನು. ಸಮಾಧಾನ ಮನೆ ಮುಟ್ಟುವಷ್ಟರಲ್ಲಿ ಕಾಂಚನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬ ಇಬ್ಬರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಸಮಾಧಾನನಿಗೆ ಅನ್ನಿಸಿತು.

"ಬರ್ರಿ, ಭಾವುಸಾಹೇಬರ," ಎಂದಳು. "ಶ್ರಾದ್ಧ ಮಾಡಂಗಿಲ್ಲ, ಪಿಂಡ ಇಡಂಗಿಲ್ಲ ಅಂತ ಪ್ರತಿಜ್ಞಾ ತೊಗೊಂಡ ಮನಿ ನಮ್ದು. ನೀವ ನೋಡಿದ್ರ ಹೋಗಿ ಮಂದಿ ಮನಿ ಹಿರೇರ ಆಗಿ ಬಂದ್ರೆಲ್ರಿ!"

"ಹಾಲ್ ಉಳೀತೈತಿ ಕಾಂಚನ. ಭಾವುಸಾಹೇಬರ ಬಾಯಿಂದ ಹೇಳಿಸಿದ್ರ ಬಿಡ್ತೀನಿ ಅಂದಾರ ಸಾವಕಾರ್ರು."

"ಹಾಲ್ ಉಳಸಾಕ ಕೈ ಎತ್ತಿದ್ರೋ, ಆ ಕೊಲ್ಹಾಪುರದ ಬಾಯಿ ಕೇಳಿದ್ಲು ಅಂತ ಎತ್ತಿದ್ರೋ?"

"ಎರಡಕ್ಕೂ," ಎಂದ ಸಮಾಧಾನ. ಹಾಲ್‌ನ ವಿಚಾರ ಅವನಿಗೆ ಹೊಳೆದದ್ದು ದಾರಿಯಲ್ಲಿ ಬರುವಾಗ.

"ಅತ್ತಿಯವರು ಮಗಳ ಮನಿಯಿಂದ ಬರಲಿ, ತಡೀರಿ ನಿಮಗೈತಿ," ಎಂದು ಕಾಂಚನ ಒಳಗೆ ಹೋದಳು. ಸಮಾಧಾನನ ತಾಯಿ ಅಕ್ಕುತಾಯಿ ಆಗ ರಾಯಬಾಗದ ಮಗಳ ಮನೆಗೆ ಹೋಗಿದ್ದರು. ಬಸ್ಸನ್ನು ಮಗನಿಗೆ ಕೇಳದೆ ಹತ್ತಿದ್ದರಿಂದ ಸರಿಯಾಗಿ ಮುಟ್ಟಿದ್ದರು.

ಮರುದಿನದಿಂದ ಸಮಾಧಾನನಿಗೆ ಪುರುಸೊತ್ತಿಲ್ಲ. ಮೇಲಿನ ಲೋಕದ ಸಮಾಚಾರ ಕೇಳುವವರ ಸಾಲು. ಉತ್ತಮನೇ ಮೊದಲು ಬಂದ, ತೀರಿಹೋದ ಅಣ್ಣ ಈಗಲೂ ತಂಬಾಕು ತಿನ್ನುತ್ತಾನೆಯೇ ಎಂದು ಕೇಳಿದ. ಪ್ರಶ್ನೆ ಕೇಳಿದ ಮೇಲೆ ಸಮಾಧಾನ ಬಿಡುತ್ತಾನೆಯೇ? "ಬಿಟ್ಟಾನ. ಹೋದ ಕೂಡಲೇ ಬಿಟ್ಟಾನ. ಅಲ್ಲಿ ಅಂಥಾದ್ದೇನೂ ನಡ್ಯಂಗಿಲ್ಲ," ಎಂದ. ಸಮಾಧಾನವಾಗಬೇಕಿದ್ದ ಉತ್ತಮನ ಅತ್ತಿಗೆ ಎದೆ ಬಡಿದುಕೊಂಡು, "ನಾ ಜೀವಮಾನ ಎಲ್ಲಾ ಹೇಳಿದ್ರ ಬಿಡಲಿಲ್ಲ ಭಾಡ್ಯಾ! ಅಲ್ಲಿ ಯಾರ ಮಾತ ಕೇಳಿ ಬಿಟ್ಟಾನ? ಯಾರ ಅದಾಳ ಅಲ್ಲಿ?" ಎಂದು ಓಣಿ ಕೂಡಿಸಿದಳು.

ಕಚೇರಿಯಲ್ಲಿ ಸಾಹೇಬರು ಕರೆಸಿದರು. "ಸಮಾಧಾನ, ವರ್ಷಾ ಕೊಡೂ ಆಸ್ತಿ ವಿವರದಾಗ ಕಬ್ಬಿನ ಜಮೀನ ತೋರ್ಸೇ ಇಲ್ಲಲ್ಲ?"

"ಅದು ಹೋದ ಜನ್ಮದ್ದ್ರಿ, ಸಾಹೇಬ್ರ."

"ಮಾಲೀಕರು ನೀವ ಅಂತ ಊರೆಲ್ಲಾ ಅನ್ನಾಕತ್ತೈತಿ. ಇರಲಿ, ನಿವೃತ್ತಿ ವಯಸ್ಸ ಯಾವ ಜನ್ಮದಿಂದ ಹಿಡೀಬೇಕು? ಮೊದಲಿಂದ ಹಿಡದ್ರ ನೀವು ನೌಕರಿಗೆ ಸೇರೂಕಿಂತ ಮೊದಲ ರಿಟೈರ್ ಆಗಬೇಕಿತ್ತು." ಸಾಹೇಬರು ತಮಾಷೆ ಮಾಡುವ ಜಾತಿಯಲ್ಲ. ಮೇಲಿನವರಿಂದ ಸ್ಪಷ್ಟೀಕರಣ ಕೇಳುತ್ತೇನೆಂದು ಗಂಭೀರವಾಗಿ ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಫೋಟೋದ ಮುಂದೆ ಅವರಿಗೆ ಪ್ರೀತಿಯಾದ ಅಡುಗೆಯ ಎಡೆ ಇಡುವ ದಿನ. ಸಾವಕಾರರು ಜೀಪು ಕಳಿಸಿ ಸಮಾಧಾನನನ್ನು ತೋಟದ ಮನೆಗೆ ಕರೆಸಿಕೊಂಡರು. ಪಡಸಾಲೆಯಲ್ಲಿ ಭಾವುಸಾಹೇಬರ ಬೀಟೆ ಕುರ್ಚಿ, ಅದರ ಮೇಲೆ ಗೋಡೆಯಲ್ಲಿ ಹಾರ ಹಾಕಿದ ಅವರ ಫೋಟೋ. ಸಮಾಧಾನನನ್ನು ಆ ಕುರ್ಚಿಯ ಮೇಲೆ ಕೂರಿಸಿದರು.

ಈಗ ಮನೆಯವರಿಗೆ ದೊಡ್ಡ ತೊಡಕು ಬಂತು. ಎಡೆ ಫೋಟೋಕ್ಕೆ ಇಡುವುದೋ, ಮನುಷ್ಯನಿಗೆ ಇಡುವುದೋ? ದುಂಡೇಶನ ಹೆಂಡತಿ ಕೋಮಲ ತಾಟು ಹಿಡಿದು, ಗಂಡನ ಅಜ್ಜನೆಂದು ಸೆರಗು ಹೊದೆಯುವುದೋ, ತನ್ನ ಅಣ್ಣನ ವಾರಿಗೆಯವನೆಂದು ಬಿಡುವುದೋ ತಿಳಿಯದೆ, ಅರ್ಧ ಸೆರಗು ಹೊದ್ದು ನಿಂತಳು. ಕಡೆಗೆ ಸಾವಕಾರರು, "ಜೀವಂತ ಇರುವಾಗ ಫೋಟೋಕ್ಯಾಕ ಇಡ್ತೀರಿ? ಅಪ್ಪಗ ಇಡ್ರಿ," ಎಂದರು.

ಭಾವುಸಾಹೇಬರಿಗೆ ಪ್ರಾಣವಾದದ್ದು ಹಸಿಮೆಣಸಿನಕಾಯಿ ಠೇಚಾ. ಸಮಾಧಾನನಿಗೆ ಆಮ್ಲಪಿತ್ತ, ಕಾಂಚನ ಸಾರಿಗೆ ಒಂದು ಮೆಣಸಿನಕಾಯಿ ಹೆಚ್ಚು ಹಾಕಿದರೆ ನಿದ್ದೆ ಬಾರದವನು. ಹಿರಿಯರಾದ ತಪ್ಪಿಗೆ ತಿಂದ. ಮೊದಲ ತುತ್ತಿಗೆ ಕಿವಿ ಕೆಂಪಾಯಿತು, ಎರಡನೆಯದಕ್ಕೆ ಕಣ್ಣೀರು ಧಾರಾಕಾರ.

"ನೋಡ್ರಿ, ಮನಿ ನೆನಪಾಗಿ ಅಳಾಕತ್ತಾನ ನಮ್ಮಪ್ಪ," ಎಂದು ಸಾವಕಾರರೂ ಅತ್ತರು. "ಇನ್ನೊಂದ ಚಮಚಾ ಹಾಕ ಕೋಮಲಾ."

ದುಂಡೇಶನೊಬ್ಬ ನಂಬಲಿಲ್ಲ. ಗಾಳಾದ ನಕಾಶೆ ಮಾಡಿಸಿ ಇಟ್ಟುಕೊಂಡವನು ಅಷ್ಟು ಸುಲಭವಾಗಿ ನಂಬುವುದು ಸಾಧ್ಯವೂ ಇರಲಿಲ್ಲ. "ಅಜ್ಜಾ, ಖರೇ ನೀನ ಆಗಿದ್ರ ಹೇಳು, ತಿಜೋರಿ ಕೀಲಿ ಎಲ್ಲಿಟ್ಟಿದ್ದಿ?" ಎಂದ.

"ಅಂಗಿ ಕಿಸೇದಾಗ," ಎಂದ ಸಮಾಧಾನ, ರೂಢಿಯ ಪ್ರಕಾರ.

"ಯಾವ ಅಂಗಿ?"

"ಅದ ನೆನಪಿಲ್ಲ."

"ಬರೋಬ್ಬರಿ!" ಸಾವಕಾರರು ತೊಡೆ ತಟ್ಟಿಕೊಂಡರು. "ನಮ್ಮಪ್ಪಗ ಎಂದೂ ನೆನಪ ಇರ್ತಿರಲಿಲ್ಲ. ದಿನಾ ಮನಿ ತುಂಬ ಕೀಲಿ ಹುಡುಕೂದ ಆಗಿತ್ತು. ಇದಕ್ಕಿಂತ ಸಾಕ್ಷಿ ಏನ ಬೇಕೋ ನಿನಗ?"

ಮನುಷ್ಯ ನಂಬಲೇಬೇಕೆಂದು ಕುಳಿತರೆ ಗೊತ್ತಿದ್ದದ್ದೂ ಸಾಕ್ಷಿ, ಗೊತ್ತಿಲ್ಲದ್ದೂ ಸಾಕ್ಷಿ. ಧೈರ್ಯ ಬಂದ ಸಮಾಧಾನ ಕುದುರೆಯ ಕಥೆಯನ್ನು ಇನ್ನೊಮ್ಮೆ ಹೇಳಿ, ಕಣ್ಣೊರೆಸಿಕೊಂಡು, "ಹಾಲ್ ಜಾಗಾ ಸೊಸೈಟಿಗೆ ಬಿಡು, ರಾವಸಾಹೇಬ," ಎಂದ. ಅರವತ್ತು ದಾಟಿದ ಸಾವಕಾರರನ್ನು ಏಕವಚನದಲ್ಲಿ ಕರೆದದ್ದು ಅವನಿಗೇ ಮೈ ಜುಮ್ಮೆನ್ನಿಸಿತು. ಸಾವಕಾರರು ಕೈ ಮುಗಿದು, "ಆತಪ್ಪಾ. ಬರೂ ರವಿವಾರ ಎಲ್ಲಾರ ಮುಂದ ಹಾಲ್‌ನ್ಯಾಗ ಹೇಳಿಬಿಡ್ತೀನಿ," ಎಂದರು.

ಆಗ ಒಳಬಾಗಿಲಿನಿಂದ ಒಂದು ದನಿ ಬಂತು. "ನಾನೂ ಬರ್ತೀನಿ."

ಎಲ್ಲರೂ ತಿರುಗಿದರು. ಸಾವಕಾರರ ತಾಯಿ ಲಕ್ಕವ್ವ, ಎಂಬತ್ತು ದಾಟಿದ ಜೀವ, ಕೋಲೂರಿಕೊಂಡು ನಿಂತಿದ್ದರು. ಗಂಡನ ಕುರ್ಚಿಯಲ್ಲಿ ಕುಳಿತು ಬೆವರುತ್ತಿದ್ದ ಗಂಡನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಸಮಾಧಾನ ಯಾರೂ ಹೇಳದೆಯೇ ಇನ್ನೊಂದು ತುತ್ತು ಠೇಚಾ ಬಾಯಿಗಿಟ್ಟುಕೊಂಡ.

ಮನೆಗೆ ಬಂದಾಗ ಅಕ್ಕುತಾಯಿ ರಾಯಬಾಗದಿಂದ ಬಂದು ಕುಳಿತಿದ್ದರು. ಕಾಂಚನ ಎಲ್ಲ ಹೇಳಿದ್ದಳು. ತಾಯಿ ಬೈಯುತ್ತಾರೆ ಎಂದುಕೊಂಡಿದ್ದ, ಬೈಯಲಿಲ್ಲ. "ಕುಂಡ್ರು," ಎಂದರು. "ಆ ಕುದುರೀದು ನಿನಗ ಯಾರ ಹೇಳಿದ್ರು, ನೆನಪೈತೇನು?"

"ಇಲ್ಲಬೇ. ತಾನ ನೆನಪಿತ್ತು."

"ನಿಮ್ಮಜ್ಜ ಲಗಮಪ್ಪ ಹೇಳತಿದ್ದ. ನೀ ಸಣ್ಣಾಂವ ಇದ್ದಿ, ಹೆಗಲ ಮ್ಯಾಲೆ ಕುಂಡ್ರಿಸಿಕೊಂಡ ದಿನಾ ಚಾಂದಣಿ ಕಥೀನ ಹೇಳಾಂವ. ಸಾವಕಾರ ಕುದುರಿ ಮ್ಯಾಲೆ ಕುಂಡ್ರತಿದ್ದ. ಮುಂದ ಬೆಲ್ಲಾ ಹಿಡಕೊಂಡ ನೀರಾಗ ಇಳೀತಿದ್ದಾಂವ ನಿಮ್ಮಜ್ಜ." ಅಕ್ಕುತಾಯಿಯ ದನಿ ಸಣ್ಣಗಾಯಿತು. "ಆ ಮನಿ ಪಡಸಾಲಿ ನಿಮ್ಮಜ್ಜ ಎಂದೂ ಏರಿದಾಂವಲ್ಲ. ಅಂಗಳದಾಗ ನಿಂತ ಚಹಾ ಕುಡದು, ತನ್ನ ಕಪ್ಪ ತಾನ ತೊಳದ ಬ್ಯಾರೆ ಇಟ್ಟ ಬರತಿದ್ದ. ನಮಗಂತ ಅಂವ ಬಿಟ್ಟ ಹೋಗಿದ್ದು ಆ ಕುದುರಿ ಕಥಿ ಒಂದ. ನೀ ಅದನ್ನೂ ಒಯ್ದ ಸಾವಕಾರಗ ಕೊಟ್ಟ ಬಂದೆಲ್ಲೋ, ಸಮಾಧಾನ."

ಸಮಾಧಾನನಿಗೆ ಹೊಟ್ಟೆಯ ಉರಿ ಮರೆತುಹೋಯಿತು. ಅಜ್ಜನ ಮುಖ ಅವನಿಗೆ ನೆನಪಿರಲಿಲ್ಲ, ಆದರೆ ಹೆಗಲು ನೆನಪಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿಜ ಹೇಳಿದರೆ ಹಾಲ್ ಹೋಗುತ್ತದೆ, ಹೇಳದಿದ್ದರೆ ಅಜ್ಜ ಹೋಗುತ್ತಾನೆ. ಏನು ಮಾಡುವಿರೆಂದು ಕಾಂಚನ ಕೇಳಿದಳು. ಆ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ, ಅವಳಿಗೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ರವಿವಾರ ದೇವರಿಲ್ಲದ ಗುಡಿಗೆ ಜಾತ್ರೆಯಷ್ಟು ಜನ. ಉತ್ತಮ ಒಂದು ದೊಡ್ಡ ಪಾತ್ರೆ ಚಹಾ ಹೆಚ್ಚಿಗೆ ಕಾಸಿದ್ದ. ಅವನ ಅತ್ತಿಗೆ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದಳು. ಲಕ್ಕವ್ವನಿಗೆ ಕುರ್ಚಿ ಹಾಕಿದರು. ಪಕ್ಕದಲ್ಲಿ ನಿಂತ ಮಾಸ್ತರರು ಅವರಿಗೆ ಆತ್ಮ, ಸಾಲಿ, ಇಯತ್ತಾ, ಪಾಸು, ನಾಪಾಸು ಎಲ್ಲ ತಿಳಿಸಿ ಹೇಳಿದರು. ಲಕ್ಕವ್ವ ಗಮನವಿಟ್ಟು ಕೇಳಿ, "ಹಿಂಗೇನು?" ಎಂದಷ್ಟೇ ಅಂದರು. ಕಾಂಚನ, ಅಕ್ಕುತಾಯಿ ಇಬ್ಬರೂ ಹಿಂದೆ ಚಾಪೆಯ ಮೇಲೆ ಕುಳಿತಿದ್ದರು.

ಪ್ರಾರ್ಥನೆ ಶುರುವಾಯಿತು. ಮಾಸ್ತರರು ತಮ್ಮದನ್ನು ಹೇಳಿದರು, ಒಬ್ಬರು ಶ್ಲೋಕ ಹೇಳಿದರು, ಒಬ್ಬರು ಜೈನರ ಣಮೋಕಾರ ಹೇಳಿದರು. ಸಮಾಧಾನ ಎದ್ದ. ಪಂಚಶೀಲ ಅವನಿಗೆ ಬಾಯಿಪಾಠ. ಕೊಲ್ಲುವುದಿಲ್ಲ ಎಂಬ ಶೀಲ ಸಲೀಸಾಗಿ ಹೋಯಿತು, ಕದಿಯುವುದಿಲ್ಲ ಎಂಬುದಕ್ಕೆ ಅಜ್ಜನ ಕುದುರೆ ನೆನಪಾಗಿ ದನಿ ಸ್ವಲ್ಪ ಒಡೆಯಿತು, ಮೂರನೆಯದೂ ಹೇಗೋ ದಾಟಿತು. ನಾಲ್ಕನೆಯದು ಬಂತು. ಸುಳ್ಳು ಹೇಳುವುದಿಲ್ಲ ಎಂಬ ಶೀಲ.

"ಮುಸಾವಾದಾ ವೇರಮಣೀ..." ಎಂದು ನಿಂತ. ಮತ್ತೆ ಮೊದಲಿನಿಂದ, "ಮ... ಮುಸಾವಾದಾ..." ಹಳ್ಳದ ದಂಡೆಯಲ್ಲಿ ನಿಂತ ಚಾಂದಣಿಯಂತೆ ಒಂದು ಹೆಜ್ಜೆ ಮುಂದೆ ಹೋಗಲೊಲ್ಲ. ಗೋಡೆಯ ಮೇಲೆ ದೊಡ್ಡ ಕಣ್ಣಿನ ಬಾಯಿ ನೋಡುತ್ತಿದ್ದರು. ಸಭೆ ನೋಡುತ್ತಿತ್ತು.

"ತಪ್ಪಾತ್ರಿ," ಎಂದ ಸಮಾಧಾನ. "ನನಗ ಯಾವ ಜನ್ಮದ ನೆನಪೂ ಇಲ್ಲ. ಸ್ನೇಹಲಬಾಯಿಯವರು ಕೇಳಿದ್ರು, ಕೈ ಎತ್ತಿಬಿಟ್ಟೆ. ಆ ಕುದುರಿ ಕಥಿ ನಮ್ಮಜ್ಜ ಲಗಮಪ್ಪಂದು. ನಾ ಭಾವುಸಾಹೇಬ ಅಲ್ಲ. ಆ ಕುದುರಿ ಮುಂದ ಬೆಲ್ಲಾ ಹಿಡಕೊಂಡ ನಡದಾಂವನ ಮೊಮ್ಮಗ. ಎಲ್ಲಾರ ಮುಂದ ತಪ್ಪ ಒಪ್ಪಗೋತೀನ್ರಿ."

ಮೊದಲು ಬಾಯಿ ಬಿಟ್ಟವಳು ಉತ್ತಮನ ಅತ್ತಿಗೆ. "ಅಂದ್ರ ನಮ್ಮವರು ತಂಬಾಕ ಬಿಟ್ಟಿಲ್ಲ?" ಎಂದಳು, ಜೀವ ಬಂದವಳಂತೆ.

"ಅದೂ ಗೊತ್ತಿಲ್ರಿ, ವೈನಿ."

"ಲೇ! ನಿನ್ನ ಕಾಲ ಮುಟ್ಟೀನಲ್ಲೋ ನಾ!" ಸಾವಕಾರರು ಸಿಡಿದೆದ್ದರು. "ಎಡಿ ಇಟ್ಟೀನಿ! ನಮ್ಮಪ್ಪನ ಕುರ್ಚೆದ ಮ್ಯಾಲೆ ಕುಂಡ್ರಿಸೀನಿ!" ದುಂಡೇಶ ಕಿಸೆಯಿಂದ ಟೇಪು ಹೊರತೆಗೆದ.

ಮಾಸ್ತರರು ಎದ್ದು ಸಮಾಧಾನನ ಬೆನ್ನ ಮೇಲೆ ಕೈ ಇಟ್ಟರು. "ಹಾಲ್ ಹೋದ್ರ ಹೋಗಲಿ, ತಮ್ಮಾ. ಸುಳ್ಳ ಹೇಳಿ ಉಳಿಸಿಕೊಂಡಿದ್ರ ಗ್ವಾಡಿ ಮ್ಯಾಲಿಂದ ಆ ಬರಹ ಅಳಸಬೇಕಾಗತಿತ್ತು." ಹೇಳಿದರು, ಸ್ಟೂಲು ಎಳೆದುಕೊಂಡರು, ಹತ್ತಿ ಪರದೇಶದ ಬಾಯಿಯ ಫೋಟೋ ಇಳಿಸಲು ಕೈ ಹಾಕಿದರು.

"ಆ ಬಾಯೀನ ಅಲ್ಲೇ ಇರಾಕ ಬಿಡ್ರಿ, ಮಾಸ್ತರ," ಎಂದರು ಲಕ್ಕವ್ವ.

ಕೋಲೂರಿ ನಿಂತು ಮಗನ ಕಡೆ ತಿರುಗಿದರು. "ಈ ಜಾಗಾ ಕೊಟ್ಟದ್ದು ಹೌದೋ ಅಲ್ಲೋ ಅಂತ ಕೇಳಾಕ ಸತ್ತಾಂವನ್ನ ಕರಸಿದ್ರಿ, ಕುರ್ಚೆದಾಗ ಕುಂಡ್ರಿಸಿದ್ರಿ, ಖಾರಾ ತಿನಿಸಿ ಅಳಿಸಿದ್ರಿ. ಬದುಕಿದ ಹೆಣತಿ ಒಳಗ ಕುಂತಾಳ, ಆಕೀನ ಯಾರರೆ ಒಂದ ಮಾತ ಕೇಳಿದ್ರೇನೋ, ರಾವಸಾಹೇಬ?"

ಊರಿಗೆ ಊರೇ ಈ ಪ್ರಶ್ನೆಗೆ ತಲೆ ತಗ್ಗಿಸಿತು. ಆ ವಿಚಾರ ಯಾರಿಗೂ ಹೊಳೆದಿರಲಿಲ್ಲ.

"ನಿಮ್ಮಪ್ಪ ನನ್ನ ಮುಂದನ ಕೊಟ್ಟಾನ. ನಾ ಆಗ ರೊಟ್ಟಿ ಬಡಿಯಾಕತ್ತಿದ್ನಿ. 'ಜಾತಿ ಕೇಳದ ಒಳಗ ಕರಕೊಳ್ಳೂ ಜಾಗಾ ಊರಾಗ ಒಂದರ ಇರಲಿ' ಅಂದ. ಅಂದಾಂವ ತನ್ನ ಪಡಸಾಲಿ ಅಷ್ಟ ಅದರಾಗ ಹಿಡೀಲಿಲ್ಲ, ಅದ ಬ್ಯಾರೆ ಮಾತು. ನಾ ಸಾಕ್ಷಿ ಹೇಳ್ತೀನಿ, ಎಲ್ಲಿ ಬೇಕಾದಲ್ಲಿ ಹೆಬ್ಬಟ್ಟ ಒತ್ತತೀನಿ. ದುಂಡೇಶ, ಅದನ್ನ ಕಿಸೇದಾಗ ಇಡು."

ಟೇಪು ಒಳಗೆ ಹೋಯಿತು. ಸಾವಕಾರರು ತಾಯಿಯ ಮುಂದೆ ಬಾಗಿದರು, ಈ ಸಲ ನಡುವೆ ನಿಲ್ಲಲಿಲ್ಲ. "ಆತಬೇ ಯವ್ವಾ. ಹಾಲ್ ಮಾಸ್ತರರದ," ಎಂದರು. ಮಾಸ್ತರರು ಸ್ಟೂಲಿನ ಮೇಲೆ ನಿಂತೇ ಫೋಟೋವನ್ನು ನೆಟ್ಟಗೆ ಮಾಡಿ, ಅದರ ಧೂಳು ಒರೆಸಿದರು.

"ಯವ್ವಾ, ಇಂವ ಅಪ್ಪ ಅಲ್ಲ ಅಂತ ನಿನಗ ಮೊದಲ ಗೊತ್ತಿತ್ತೇನು?" ಎಂದು ಸಾವಕಾರರು ಸಣ್ಣ ದನಿಯಲ್ಲಿ ಕೇಳಿದರು.

"ಕುದುರಿ ಮ್ಯಾಲೆ ಕುಂತಾಂವಗ ಕುದುರಿ ಕಿವಿ ಕಾಣತಾವ, ಕಣ್ಣ ಕಾಣಂಗಿಲ್ಲ," ಎಂದರು ಲಕ್ಕವ್ವ. "ಇಂವ ಕಣ್ಣಿನ ಬಣ್ಣಾ ಹೇಳಾಕತ್ತಿದ್ದ. ಅವತ್ತ ತಿಳೀತು, ಇದು ಲಗಮಪ್ಪನ ನೆನಪ ಅಂತ." ಆಮೇಲೆ ಸಮಾಧಾನನನ್ನು ನೋಡಿದರು. ಮುಖದ ಸುಕ್ಕುಗಳೆಲ್ಲ ಸೇರಿ ನಗುವಾದವು. "ಇವತ್ತ ಮಾತ್ರ ನನಗ ಸ್ವಲ್ಪ ಸಂಶೇ ಬರಾಕತ್ತೈತಿ, ಮಾಸ್ತರ. ನನ್ನ ಗಂಡ ಬದುಕಿರೂ ಮಟ ಒಮ್ಮಿ ಯಾರಿಗೂ 'ತಪ್ಪಾತು' ಅಂದಾಂವಲ್ಲ. ಆ ಪಾಠದಾಗ ನಾಪಾಸ ಆಗೇ ಹ್ವಾದ. ಇಂವ ನೋಡಿದ್ರ ಇಷ್ಟ ಮಂದಿ ಮುಂದ ಹೇಳ್ಯಾನ. ನಮ್ಮವರ ಹೊಳ್ಳಿ ಬಂದಿದ್ರ, ಬರೋಬ್ಬರಿ ಮನ್ಯಾಗ ಹುಟ್ಟಿ, ಕಲತ, ಪಾಸ ಆಗ್ಯಾರ ಅನಕೋತೀನಿ."

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಸಮಾಧಾನ ನಿಂತಲ್ಲೇ ಪಂಚಶೀಲದ ಉಳಿದ ಭಾಗವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಲಕ್ಕವ್ವ ಕುರ್ಚಿಗೆ ಹೋಗಲಿಲ್ಲ. ನಿಧಾನಕ್ಕೆ ಹಿಂದೆ ನಡೆದು ಹೋಗಿ ಅಕ್ಕುತಾಯಿಯ ಪಕ್ಕದಲ್ಲಿ ಅದೇ ಚಾಪೆಯ ಮೇಲೆ ಕುಳಿತರು. "ಆ ಕುದುರಿ ನಿಮ್ಮ ಮಾವನ ಮಾತೊಂದ ಕೇಳತಿತ್ತವ್ವಾ," ಎಂದರು. "ಮನ್ಯಾಗ ನಾವ್ಯಾರೂ ಅಷ್ಟೂ ಕೇಳಲಿಲ್ಲ." ಅಕ್ಕುತಾಯಿ ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ಚಾಂದಣಿ ಬೆಲ್ಲವನ್ನು ಅಜ್ಜನ ಕೈಯಿಂದ ಹೇಗೆ ಕಸಿಯುತ್ತಿತ್ತೆಂದು ಹೇಳತೊಡಗಿದರು. ಇಬ್ಬರ ಮುಂದೆಯೂ ಉತ್ತಮ ಒಂದೇ ತರದ ಕಪ್ಪಿನಲ್ಲಿ ಚಹಾ ತಂದಿಟ್ಟ.

ಸಭೆ ಮುಗಿದು ಸಮಾಧಾನ, ಕಾಂಚನ ಹೊರಗೆ ಬರುವಾಗ ಚೀಲ ಹಿಡಿದ ಪರ ಊರಿನ ಮನುಷ್ಯನೊಬ್ಬ ಎದುರಾದ. "ಅಣ್ಣಾರ, ರಾಯಬಾಗದ ಬಸ್ ಎಲ್ಲಿ ನಿಂದರತೈತ್ರಿ?"

ಸಮಾಧಾನನ ಬಲಗೈ ತಾನಾಗಿ ಮೇಲೆದ್ದಿತು, ಬೆರಳು ಅಥಣಿಯ ದಿಕ್ಕಿಗೆ ಹೊರಟಿತು. ಅವನು ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿದ. ಹಣೆಯ ಮೇಲೆ ಬೆವರು ಬಂತು.

"ನನಗ... ಗೊತ್ತಿಲ್ರಿ," ಎಂದ. "ಕಂಟ್ರೋಲರ್‌ಗೆ ಕೇಳ್ರಿ."

ಮನುಷ್ಯ ತಲೆಯಾಡಿಸಿ ಹೋದ. ಕಾಂಚನ ಅವನು ತಿರುವಿನಲ್ಲಿ ಮರೆಯಾಗುವವರೆಗೂ ಪ್ರೀತಿಯಿಂದ ನೋಡುತ್ತ ನಿಂತು, ಗಂಡನ ಕೈ ಹಿಡಿದುಕೊಂಡಳು.

"ಪುಣ್ಯವಂತಾ," ಎಂದಳು. "ಇಂವ ರಾಯಬಾಗ ಮುಟ್ಟತಾನ."